ಕೆಂಪು ಒಂದೇ, ಗುರುತು ಹಲವು

(ಯುವಕರ ಅಧ್ಯಯನ ಶಿಬಿರದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ)

ನಾನು ಪಂಡಿತನಲ್ಲ, ಯಾವ ಪಕ್ಷದ ಸದಸ್ಯನೂ ಅಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮದುವೆ ಕಾಗದ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ರಾಜ್ಯೋತ್ಸವದ ಪೋಸ್ಟರು, ಇವೇ ನನ್ನ ಅನ್ನ. ಚುನಾವಣೆ ಬಂತೆಂದರೆ ಕಮಲವೂ ಬರುತ್ತದೆ, ಕೈಯೂ ಬರುತ್ತದೆ, ತೆನೆ ಹೊತ್ತ ಮಹಿಳೆಯೂ ಬರುತ್ತಾಳೆ, ಕುಡುಗೋಲು ಸುತ್ತಿಗೆಯೂ ಬರುತ್ತದೆ. ಎಲ್ಲಕ್ಕೂ ಒಂದೇ ಮಷೀನು. ಹಾಗಾಗಿ ಗುರುತುಗಳನ್ನು ನಾನು ಭಕ್ತಿಯಿಂದ ನೋಡಿದವನಲ್ಲ. ಯಾವುದು ಎಷ್ಟು ಇಂಕು ಕುಡಿಯುತ್ತದೆ, ಯಾವುದರ ಗೆರೆ ಎಲ್ಲಿ ಒಡೆಯುತ್ತದೆ ಎಂದು ನೋಡಿದವನು. ಆ ಕಣ್ಣಿಗೆ ಕಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ವಿಷಯ, ಎಡರಂಗದ ಬಾವುಟ ಮತ್ತು ಗುರುತುಗಳು. ಕನ್ನಡದ ಹುಡುಗರಿಗೆ ಇದೇಕೆ ಎಂದು ಕೇಳುತ್ತೀರಿ. ಕೇಳಲೇಬೇಕು! ನಿಮ್ಮಲ್ಲಿ ಬಹಳ ಮಂದಿಯ ಹೆಗಲ ಮೇಲೆ ಹಳದಿ ಕೆಂಪು ಶಾಲು ಇದೆ. ಮ. ರಾಮಮೂರ್ತಿಯವರು ಕೊಟ್ಟ ಬಾವುಟದ ಬಣ್ಣ ಅದು. ನಮ್ಮದನ್ನು ನೋಡುವಾಗ ಕಣ್ಣಲ್ಲಿ ಪ್ರೀತಿ ತುಂಬಿರುತ್ತದೆ, ಸರಿಯಾಗಿ ಕಾಣುವುದಿಲ್ಲ. ಪಕ್ಕದವರದ್ದನ್ನು ಬಿಡಿಸಿ ನೋಡಿದರೆ ಪಾಠ ಬೇಗ ತಿಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ಕನ್ನಡದ ಹೆಸರಿನಲ್ಲಿ ಎಷ್ಟು ಸಂಘಟನೆಗಳಿವೆ ಎಂದು ನಿಮಗೇ ಗೊತ್ತು. ಒಂದೇ ವೇದಿಕೆಗೆ ಬನ್ನಿ ಎಂದರೆ ಮೊದಲ ಜಗಳ ಬ್ಯಾನರಿನಲ್ಲಿ ಯಾರ ಹೆಸರು ಮೇಲೆ ಎಂಬುದು. ಪಶ್ಚಿಮ ಬಂಗಾಳದಲ್ಲಿ ಹಲವು ಪಕ್ಷಗಳು ತಮ್ಮ ತಮ್ಮ ಬಾವುಟ ಇಟ್ಟುಕೊಂಡೇ ೧೯೭೭ರಿಂದ ೨೦೧೧ರವರೆಗೆ, ೩೪ ವರ್ಷ, ಒಂದೇ ರಂಗವಾಗಿ ರಾಜ್ಯ ಆಳಿದವು. ಇದು ಹೇಗೆ ಸಾಧ್ಯವಾಯಿತು, ಆಮೇಲೆ ಹೇಗೆ ಕುಸಿಯಿತು ಎಂದು ತಿಳಿಯುವುದರಲ್ಲಿ ನಮಗೆ ನಷ್ಟವಿಲ್ಲ.

ಕೆಂಪು ಎಲ್ಲಿಂದ ಬಂತು?

ಕೆಂಪು ಬಾವುಟ ರಷ್ಯಾದಲ್ಲಿ ಹುಟ್ಟಿದ್ದಲ್ಲ. ೧೮೭೧ರಲ್ಲಿ ಪ್ಯಾರಿಸ್ಸಿನ ದುಡಿಯುವ ಜನ ಎರಡು ತಿಂಗಳು ತಮ್ಮ ನಗರವನ್ನು ತಾವೇ ಆಳಿದರು. ಪ್ಯಾರಿಸ್ ಕಮ್ಯೂನ್ ಎಂದು ಅದಕ್ಕೆ ಹೆಸರು. ಅವರ ತಲೆಯ ಮೇಲೆ ಹಾರಿದ್ದು ಕೆಂಪು ಬಾವುಟ. ೧೮೮೬ರ ಮೇ ತಿಂಗಳಲ್ಲಿ ಅಮೆರಿಕದ ಶಿಕಾಗೋದಲ್ಲಿ ಎಂಟು ಗಂಟೆಯ ದುಡಿಮೆಗಾಗಿ ಹೋರಾಟವಾಯಿತು, ರಕ್ತ ಹರಿಯಿತು. ಅಲ್ಲಿಂದ ಮೇ ದಿನ ಮತ್ತು ಕೆಂಪು ಬಾವುಟ ಒಂದಕ್ಕೊಂದು ಅಂಟಿಕೊಂಡವು.

ನಮ್ಮ ದೇಶಕ್ಕೆ ಅದು ಬಂದದ್ದು ದೆಹಲಿಯ ಮೂಲಕವಲ್ಲ, ಮದರಾಸಿನ ಮೂಲಕ. ೧೯೨೩ರ ಮೇ ೧ರಂದು ಮದರಾಸಿನ ಕಡಲ ತೀರದಲ್ಲಿ ಸಿಂಗಾರವೇಲು ಚೆಟ್ಟಿಯಾರ್ ಎಂಬ ಹಿರಿಯರು ಕೆಂಪು ಬಾವುಟ ಏರಿಸಿ ಭಾರತದ ಮೊದಲ ಮೇ ದಿನ ನಡೆಸಿದರು. ಕೆಂಪು ಬಟ್ಟೆ ಸಿಗದೆ ಮಗಳ ಕೆಂಪು ಸೀರೆಯನ್ನೇ ಹರಿದು ಬಾವುಟ ಮಾಡಿದರೆಂದು ಜನ ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಇನ್ನು ಕುಡುಗೋಲು ಸುತ್ತಿಗೆ. ೧೯೧೮ರಲ್ಲಿ ಮಾಸ್ಕೋದಲ್ಲಿ ಮೇ ದಿನದ ಅಲಂಕಾರಕ್ಕೆಂದು ಯೆವ್ಗೆನಿ ಕಾಮ್ಜೋಲ್ಕಿನ್ ಎಂಬ ಕಲಾವಿದ ಬರೆದ ಚಿತ್ರ ಅದು. ರೈತನ ಕುಡುಗೋಲು, ಕಾರ್ಖಾನೆಯವನ ಸುತ್ತಿಗೆ, ಎರಡೂ ಒಂದರ ಮೇಲೊಂದು. ಆ ದಿನಗಳಲ್ಲಿ ರಷ್ಯಾದ ಸರ್ಕಾರಿ ಲಾಂಛನದ ಒಂದು ಕರಡಿನಲ್ಲಿ ಕತ್ತಿಯೂ ಇತ್ತಂತೆ. ಲೆನಿನ್ ಅದನ್ನು ತೆಗೆಸಿದರೆಂದು ಅವರ ಜೊತೆ ಕೆಲಸ ಮಾಡಿದವರು ಬರೆದಿದ್ದಾರೆ. ಗಮನಿಸಿ, ಉಳಿದದ್ದು ಎರಡೂ ಕೆಲಸದ ಸಾಮಾನು. ೧೯೨೩ರಲ್ಲಿ ಅದು ಸೋವಿಯತ್ ಒಕ್ಕೂಟದ ಬಾವುಟ ಸೇರಿತು. ಅಲ್ಲಿ ಕೆಂಪಿನ ಮೇಲೆ ಹೊಂಬಣ್ಣ. ನಮ್ಮ ಸಿಪಿಎಂ ಪಕ್ಷದ ಸಂವಿಧಾನ ಹೇಳುವ ಬಾವುಟದಲ್ಲಿ ಅದು ಬಿಳಿ: ಅಗಲದ ಒಂದೂವರೆ ಪಾಲು ಉದ್ದದ ಕೆಂಪು ಬಟ್ಟೆ, ನಡುವೆ ಬಿಳಿಯ ಕುಡುಗೋಲು ಸುತ್ತಿಗೆ.

ಪ್ರೆಸ್ಸಿನವನ ಕಣ್ಣಿಗೆ ಇದು ಬಡವರ ಬಾವುಟ. ಕೆಂಪಿನ ಮೇಲೆ ಹಳದಿ ಬೇಕೆಂದರೆ ಕಾಗದ ಎರಡು ಸಲ ಮಷೀನಿಗೆ ಹೋಗಬೇಕು, ಖರ್ಚೂ ಎರಡು ಪಟ್ಟು. ಕೆಂಪು ಬಿಳಿ ಅಂದರೆ ಒಂದೇ ಕಲರ್ ಕೆಲಸ, ಬಿಳಿಯನ್ನು ಕಾಗದವೇ ಕೊಡುತ್ತದೆ! ಆದರೆ ಇಡೀ ಹಾಳೆ ಕೆಂಪು ಹೊಡೆದರೆ ಇಂಕು ವಿಪರೀತ ತಿನ್ನುತ್ತದೆ, ಬೇಗ ಒಣಗುವುದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಅದಕ್ಕೇ ಹ್ಯಾಂಡ್‌ಬಿಲ್ಲಿನಲ್ಲಿ ಬಾವುಟ ತಿರುಗುಮುರುಗಾಗುತ್ತದೆ. ಬಿಳಿ ಕಾಗದದ ಮೇಲೆ ಕೆಂಪು ಗೆರೆಯ ಕುಡುಗೋಲು ಸುತ್ತಿಗೆ. ಟ್ರೆಡಲ್ ಮಷೀನಿನ ಕಾಲದಲ್ಲಿ ಸತುವಿನ ಬ್ಲಾಕನ್ನು ಮರದ ತುಂಡಿಗೆ ಹೊಡೆದು, ಮೊಳೆ ಜೋಡಿಸಿದ ಅಕ್ಷರದ ಪಕ್ಕ ಕೂರಿಸುತ್ತಿದ್ದರು. ಬ್ಲಾಕಿನಲ್ಲಿ ಎಲ್ಲವೂ ಕನ್ನಡಿಯ ಬಿಂಬದಂತೆ ಎಡಬಲ ಅದಲು ಬದಲು. ಅದನ್ನು ತಪ್ಪದೆ ಓದುವುದೇ ನಮ್ಮ ಕಸುಬಿನ ಮೊದಲ ಪಾಠ.

ಪೆಟ್ಟಿಗೆಯ ಮೇಲಿನ ಚಿತ್ರ

ಬಾವುಟ ಬೇರೆ, ಚುನಾವಣಾ ಗುರುತು ಬೇರೆ. ಬಹಳ ಜನ ಎರಡನ್ನೂ ಬೆರೆಸಿಬಿಡುತ್ತಾರೆ. ಬಾವುಟವನ್ನು ಪಕ್ಷ ತಾನೇ ಮಾಡಿಕೊಳ್ಳುತ್ತದೆ. ಗುರುತನ್ನು ಚುನಾವಣಾ ಆಯೋಗ ಕೊಡುತ್ತದೆ, ಕಸಿದುಕೊಳ್ಳಲೂಬಲ್ಲದು.

೧೯೫೧-೫೨ರ ಮೊದಲ ಮಹಾಚುನಾವಣೆ. ಮತದಾರರು ೧೭ ಕೋಟಿಗೂ ಹೆಚ್ಚು. ಓದುಬರಹ ಬಲ್ಲವರು ನೂರಕ್ಕೆ ಸುಮಾರು ೧೮ ಮಂದಿ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅಕ್ಷರ ಬಾರದವನು ಮತ ಹಾಕುವುದು ಹೇಗೆ? ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟರು, ಪೆಟ್ಟಿಗೆಯ ಮೇಲೆ ಚಿತ್ರ ಅಂಟಿಸಿದರು. ಮತಪತ್ರ ಎಲ್ಲರಿಗೂ ಒಂದೇ. ನಿಮಗೆ ಬೇಕಾದ ಚಿತ್ರದ ಪೆಟ್ಟಿಗೆಗೆ ಹಾಕಿ ಬಂದರೆ ಆಯಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಮರ, ಜನಸಂಘಕ್ಕೆ ದೀಪ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಕಮ್ಯುನಿಸ್ಟ್ ಪಕ್ಷಕ್ಕೆ ತೆನೆ ಮತ್ತು ಕುಡುಗೋಲು. ಫಾರ್ವರ್ಡ್ ಬ್ಲಾಕ್ ಆಗ ಎರಡು ಹೋಳಾಗಿತ್ತು. ಒಂದು ಗುಂಪಿಗೆ ಸಿಂಹ, ರುಯಿಕರ್ ಗುಂಪಿಗೆ ಕೈ! ಹೌದು, ಇವತ್ತು ಕಾಂಗ್ರೆಸ್ಸಿನದೆಂದು ನಾವು ಬಲ್ಲ ಕೈ ಅಂದು ಎಡಪಂಥದ ಒಂದು ಗುಂಪಿನ ಗುರುತು. ಗುರುತಿಗೆ ಹುಟ್ಟು ಜಾತಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

೧೯೬೨ರ ಹೊತ್ತಿಗೆ ಪೆಟ್ಟಿಗೆಗಳು ಹೋಗಿ, ಒಂದೇ ಮತಪತ್ರದಲ್ಲಿ ಹೆಸರು ಮತ್ತು ಗುರುತು ಅಚ್ಚಾಗಿ ಬಂದವು. ಚುನಾವಣಾ ಆಯೋಗದಲ್ಲಿ ಎಂ.ಎಸ್. ಸೇಥಿ ಎಂಬ ನಕ್ಷೆಗಾರರಿದ್ದರು. ೧೯೯೨ರಲ್ಲಿ ನಿವೃತ್ತರಾದರು. ನಾವು ಕಾಣುವ ಸೈಕಲ್ಲು, ಛತ್ರಿ, ಹೊಲಿಗೆ ಯಂತ್ರದಂಥ ಎಷ್ಟೋ ಗುರುತುಗಳು ಅವರು ಪೆನ್ಸಿಲಿನಲ್ಲಿ ಬರೆದವು. ಕೋಟಿ ಕೋಟಿ ಜನ ನೋಡಿದ ಚಿತ್ರ ಬರೆದವರ ಹೆಸರು ನಿಮಗೆ ಗೊತ್ತಿತ್ತೆ?

೧೯೬೪ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆಯಿತು. ತೆನೆ-ಕುಡುಗೋಲು ಹಳೆಯ ಪಕ್ಷವಾದ ಸಿಪಿಐಯಲ್ಲಿ ಉಳಿಯಿತು. ಹೊಸ ಪಕ್ಷವಾದ ಸಿಪಿಎಂಗೆ ಕುಡುಗೋಲು, ಸುತ್ತಿಗೆ, ನಕ್ಷತ್ರ. ೧೯೫೨ರಿಂದ ಇವತ್ತಿನವರೆಗೆ ಒಂದೇ ಗುರುತಿನಲ್ಲಿ ಚುನಾವಣೆ ಎದುರಿಸುತ್ತ ಬಂದ ಪಕ್ಷ ಸಿಪಿಐ. ಕಾಂಗ್ರೆಸ್ಸು ಎತ್ತು ಬಿಟ್ಟು, ಹಸು ಕರು ಬಿಟ್ಟು, ಕೈ ಹಿಡಿಯಿತು. ಜನಸಂಘದ ದೀಪ ಆರಿ ಕಮಲ ಅರಳಿತು. ತೆನೆ ಕುಡುಗೋಲು ಮಾತ್ರ ಬದಲಾಗಲಿಲ್ಲ.

ರಂಗಕ್ಕೆ ಗುರುತಿಲ್ಲ

೧೯೭೭ರಲ್ಲಿ ಬಂಗಾಳದ ಎಡರಂಗ ೨೯೪ರಲ್ಲಿ ೨೩೧ ಸ್ಥಾನ ಗೆದ್ದು, ಜ್ಯೋತಿ ಬಸು ಮುಖ್ಯಮಂತ್ರಿಯಾದರು. ಆ ರಂಗದ ಗುರುತು ಯಾವುದು? ಯಾವುದೂ ಇಲ್ಲ! ೧೯೬೮ರ ಚುನಾವಣಾ ಗುರುತುಗಳ ಆದೇಶದ ಪ್ರಕಾರ ಗುರುತು ಪಕ್ಷಕ್ಕೆ, ರಂಗಕ್ಕಲ್ಲ. ಸಿಪಿಎಂಗೆ ಕುಡುಗೋಲು-ಸುತ್ತಿಗೆ-ನಕ್ಷತ್ರ, ಫಾರ್ವರ್ಡ್ ಬ್ಲಾಕ್‌ಗೆ ಸಿಂಹ, ಆರ್‌ಎಸ್‌ಪಿಗೆ ಗುದ್ದಲಿ-ಸಲಿಕೆ. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರ ಜೊತೆಗಿದ್ದ ಸಿಪಿಐ ೧೯೭೭ರಲ್ಲಿ ಹೊರಗಿತ್ತು. ೧೯೮೨ರ ಚುನಾವಣೆಗೆ ಒಳಗೆ ಬಂತು. ಆಗ ತೆನೆ-ಕುಡುಗೋಲೂ ಸೇರಿತು.

ಮತದಾರನ ಕಷ್ಟ ನೋಡಿ. ಈ ಕ್ಷೇತ್ರದಲ್ಲಿ ಎಡರಂಗ ಎಂದರೆ ಸಿಂಹ, ಪಕ್ಕದ ಕ್ಷೇತ್ರದಲ್ಲಿ ಎಡರಂಗ ಎಂದರೆ ಗುದ್ದಲಿ. ತಂಗಿಯನ್ನು ಕೊಟ್ಟ ಊರಿನಲ್ಲಿ ಬೇರೆ, ತನ್ನ ಊರಿನಲ್ಲಿ ಬೇರೆ. ಇದನ್ನು ಹೇಗೆ ನಿಭಾಯಿಸಿದರು? ಗೋಡೆ ಬರಹದಿಂದ. ಬಂಗಾಳದಲ್ಲಿ ಅದೊಂದು ದೊಡ್ಡ ಕಲೆ. ಗೋಡೆಗೆ ಸುಣ್ಣ ಬಳಿದು, ಮೇಲೆ 'ಎಡರಂಗ ಬೆಂಬಲಿತ ಅಭ್ಯರ್ಥಿ' ಎಂದು ಬರೆದು, ಹೆಸರಿನ ಪಕ್ಕದಲ್ಲಿ ಆ ಪಕ್ಷದ ಗುರುತು ಬರೆಯುತ್ತಾರೆ. ಪಕ್ಷಕ್ಕೊಂದು ಚಿತ್ರ, ಬಣ್ಣ ಮಾತ್ರ ಎಲ್ಲಕ್ಕೂ ಕೆಂಪು. ಕೆಂಪು ಕಂಡರೆ ನಮ್ಮದು, ಚಿತ್ರ ಕಂಡರೆ ಎಲ್ಲಿ ಒತ್ತಬೇಕು ಎಂಬುದು. ರಂಗದ ಬೆಸುಗೆ ಬಣ್ಣದಲ್ಲಿತ್ತು.

ಆದರೆ ಗೆಳೆಯರೇ, ಮತಗಟ್ಟೆಯ ಒಳಗೆ ಹೋದರೆ ಆ ಬಣ್ಣ ಇಲ್ಲ! ಮತಪತ್ರದ ಕಾಗದ ಲೋಕಸಭೆಗೆ ಬಿಳಿ, ವಿಧಾನಸಭೆಗೆ ಗುಲಾಬಿ. ಗುರುತು ಬರೀ ಕಪ್ಪು ಗೆರೆ. ಕಮಲಕ್ಕೆ ಕೇಸರಿ ಇಲ್ಲ, ಕುಡುಗೋಲಿಗೆ ಕೆಂಪು ಇಲ್ಲ. ಐದು ವರ್ಷ ಬೀದಿಯಲ್ಲಿ ಹಾರಿದ ಬಣ್ಣವನ್ನೆಲ್ಲ ಆಯೋಗ ಬಾಗಿಲ ಹೊರಗೆ ಬಿಡಿಸಿ, ಒಂದು ಹೆಬ್ಬೆರಳಿನಷ್ಟು ಗೆರೆಯನ್ನು ಮಾತ್ರ ಒಳಗೆ ಬಿಡುತ್ತದೆ.

ಫಾರ್ವರ್ಡ್ ಬ್ಲಾಕ್‌ನ ಕತೆ ಇನ್ನೂ ಸ್ವಾರಸ್ಯ. ೧೯೩೯ರಲ್ಲಿ ಸುಭಾಷ್‌ಚಂದ್ರ ಬೋಸರು ಕಟ್ಟಿದ ಪಕ್ಷ. ಅದರ ಬಾವುಟದಲ್ಲಿ ನೆಗೆಯುವ ಹುಲಿ, ಚುನಾವಣಾ ಗುರುತು ಸಿಂಹ. ಒಂದೇ ಪಕ್ಷಕ್ಕೆ ಎರಡು ಮೃಗ! ಹುಲಿಯ ಜೊತೆ ಕುಡುಗೋಲು ಸುತ್ತಿಗೆಯೂ ಬಹುಕಾಲ ಇತ್ತು. ೨೦೨೨ರಲ್ಲಿ ಅದನ್ನು ಬಾವುಟದಿಂದ ತೆಗೆಯಲು ಪಕ್ಷ ತೀರ್ಮಾನಿಸಿತು. ಕೆಂಪು ಉಳಿಯಿತು, ಹುಲಿ ಉಳಿಯಿತು.

ಗುರುತಿಗೆ ಜನ ಇಟ್ಟ ಹೆಸರು

ಈಗ ನಮ್ಮ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಗುರುತಿನಲ್ಲಿ ಅಕ್ಷರ ಇಲ್ಲ. ಆದ್ದರಿಂದ ಅದನ್ನು ಜನ ತಮ್ಮ ತಮ್ಮ ಮಾತಿನಲ್ಲಿ ಕರೆಯಲೇಬೇಕು. ದೆಹಲಿಯ ಕಡತದಲ್ಲಿ ಆರ್‌ಎಸ್‌ಪಿಯ ಗುರುತು ಸ್ಪೇಡ್ ಅಂಡ್ ಸ್ಟೋಕರ್. ಸ್ಟೋಕರ್ ಅಂದರೆ ಬಾಯ್ಲರಿಗೆ ಕಲ್ಲಿದ್ದಲು ತಳ್ಳುವ ಕೆಲಸದ್ದು. ಹಳ್ಳಿಯವರಿಗೆ ಬಾಯ್ಲರು ಯಾಕೆ? ಬಂಗಾಳಿಗಳು ಅದನ್ನು ಕೋದಾಲ್-ಬೇಲ್ಚಾ ಎಂದರು. ಮಲಯಾಳಿಗಳು ಮಣ್‌ವೆಟ್ಟಿ-ಮಣ್‌ಕೋರಿ ಎಂದರು. ಎರಡರ ಅರ್ಥವೂ ಅಗೆಯುವುದು ಒಂದು, ಮಣ್ಣು ಬಾಚುವುದು ಒಂದು. ಕಡತದ ಇಂಗ್ಲಿಷು ಕಡತದಲ್ಲೇ ಉಳಿಯಿತು, ಜನರ ಮಾತು ಗೆದ್ದಿತು.

ಸಿಪಿಐಯದ್ದು ಇಂಗ್ಲಿಷಿನಲ್ಲಿ ಇಯರ್ಸ್ ಆಫ್ ಕಾರ್ನ್. ಕಾರ್ನ್ ಅಂದರೆ ಬೆಂಗಳೂರಿನ ನಿಮಗೆ ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ನೆನಪಾಗುತ್ತದೆ! ಬಂಗಾಳದಲ್ಲಿ ಅದು ಧಾನೇರ್ ಶೀಷ್, ಭತ್ತದ ತೆನೆ. ಕೇರಳದಲ್ಲಿ ನೆಲ್‌ಕದಿರ್, ಅದೂ ಭತ್ತವೇ. ತಮಿಳಿನಲ್ಲಿ ಕದಿರ್-ಅರಿವಾಳ್. ಕನ್ನಡದಲ್ಲಿ ತೆನೆ-ಕುಡುಗೋಲು. ನಮ್ಮ 'ತೆನೆ' ಎಷ್ಟು ದೊಡ್ಡ ಮಾತು ನೋಡಿ. ಮಂಡ್ಯದವನಿಗೆ ಭತ್ತ, ಕೋಲಾರದವನಿಗೆ ರಾಗಿ, ವಿಜಯಪುರದವನಿಗೆ ಜೋಳ. ಒಂದೇ ಬ್ಲಾಕು, ಒಬ್ಬೊಬ್ಬನಿಗೆ ಅವನವನ ಹೊಲ. ಕುಡುಗೋಲನ್ನು ಮಲಯಾಳ ತಮಿಳಿನವರು ಅರಿವಾಳ್ ಎನ್ನುತ್ತಾರೆ. ಕೊಯ್ದ ಪೈರಿನ ಹಿಡಿಗೆ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ 'ಅರಿ' ಎನ್ನುವುದನ್ನು ಕೇಳಿದ್ದೀರಿ. ರಷ್ಯಾದಿಂದ ಬಂದ ಚಿತ್ರ ಇಲ್ಲಿ ಬೇರು ಬಿಟ್ಟದ್ದು ಈ ಮಾತುಗಳ ಮೂಲಕ. ತತ್ವ ಎಷ್ಟೇ ದೊಡ್ಡದಿರಲಿ, ಜನರ ನಾಲಿಗೆ ಅದಕ್ಕೊಂದು ಹೆಸರು ಕೊಡದಿದ್ದರೆ ಅದು ಗೋಡೆಯ ಮೇಲೆಯೇ ಉಳಿಯುತ್ತದೆ.

ಕಾಸರಗೋಡಿನ ಕನ್ನಡಿಗ ಮತ್ತು ಕುಡುಗೋಲು

ಕೇರಳದ ಎಡರಂಗಕ್ಕೂ ನಮಗೂ ನಂಟಿದೆ. ಕಯ್ಯೂರು ಈಗ ಕೇರಳದಲ್ಲಿದೆ, ಅಂದು ಅದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. ೧೯೪೧ರಲ್ಲಿ ಅಲ್ಲಿ ರೈತರ ಮೆರವಣಿಗೆಯ ನಡುವೆ ಒಬ್ಬ ಪೋಲೀಸ್ ಪೇದೆ ಸತ್ತ. ೧೯೪೩ರ ಮಾರ್ಚ್ ೨೯ರಂದು ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರು ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರ ಕತೆಯನ್ನು ಕಾದಂಬರಿ ಮಾಡಿದ್ದು ಕನ್ನಡದ ನಿರಂಜನ. 'ಚಿರಸ್ಮರಣೆ' ಓದದವರು ಮೊದಲು ಓದಿ, ಆಮೇಲೆ ಕೆಂಪು ಬಾವುಟದ ಬಗ್ಗೆ ಹೊಗಳಿಕೆಯನ್ನೋ ತೆಗಳಿಕೆಯನ್ನೋ ಮಾಡಿ.

೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ೧೯೬೭ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮ್ಮ ರಾಜ್ಯಕ್ಕೆ ಸೇರಲಿ ಎಂದಿತು. ಜಾರಿಗೆ ಬರಲಿಲ್ಲ. ಗಡಿಯ ಮಂಜೇಶ್ವರ ಕ್ಷೇತ್ರದಲ್ಲಿ ೧೯೭೦, ೧೯೭೭ರಲ್ಲಿ ಎಂ. ರಾಮಪ್ಪ, ೧೯೮೦, ೧೯೮೨ರಲ್ಲಿ ಡಾ. ಎ. ಸುಬ್ಬರಾವ್, ಹೀಗೆ ಸಾಲಾಗಿ ನಾಲ್ಕು ಸಲ ಗೆದ್ದದ್ದು ತೆನೆ-ಕುಡುಗೋಲು. ಸುಬ್ಬರಾಯರು ೧೯೮೦ರ ಎಡರಂಗ ಸರ್ಕಾರದಲ್ಲಿ ಮಂತ್ರಿಯೂ ಆದರು. ಗಡಿಯ ಈಚೆ ವಿಟ್ಲದಲ್ಲಿ ಅದೇ ಗುರುತಿನಲ್ಲಿ ೧೯೭೨, ೧೯೭೮ರಲ್ಲಿ ಗೆದ್ದವರು ಬಿ.ವಿ. ಕಕ್ಕಿಲ್ಲಾಯರು. ಕರ್ನಾಟಕ ಏಕೀಕರಣಕ್ಕೆ ಹೋರಾಡಿದವರು ಅವರು. ಬಾಗೇಪಲ್ಲಿಯಲ್ಲಿ ೧೯೯೪ ಮತ್ತು ೨೦೦೪ರಲ್ಲಿ ಕುಡುಗೋಲು-ಸುತ್ತಿಗೆ-ನಕ್ಷತ್ರ ಗೆದ್ದಿತು. ಈ ಗುರುತು ನಮಗೆ ಪರಕೀಯ ಎನ್ನುವವರಿಗೆ ಇತಿಹಾಸ ಗೊತ್ತಿಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. ಮಂಜೇಶ್ವರ ಕಾಸರಗೋಡಿನಲ್ಲಿ ಚುನಾವಣೆ ಬಂದರೆ ಎಲ್ಲ ರಂಗಗಳ ಕರಪತ್ರವೂ ಕನ್ನಡದಲ್ಲಿ ಅಚ್ಚಾಗುತ್ತದೆ. ಮತ ಕೇಳಲು ಕನ್ನಡ ಬೇಕು. ೨೦೧೭ರಲ್ಲಿ ಎಡರಂಗದ ಸರ್ಕಾರ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು. ಹ್ಯಾಂಡ್‌ಬಿಲ್ಲಿನಲ್ಲಿ ಇದ್ದ ಭಾಷೆ ಕಾನೂನಿನಲ್ಲಿ ಯಾಕೆ ಕಾಣೆಯಾಗುತ್ತದೆ? ಯಾವ ಬಣ್ಣದ ಬಾವುಟವನ್ನಾದರೂ ಕೇಳಬೇಕಾದ ಪ್ರಶ್ನೆ ಇದು. ನಮ್ಮ ರಾಜ್ಯದಲ್ಲಿ ನಾವು ನಮ್ಮ ಅಲ್ಪಸಂಖ್ಯಾತ ಭಾಷೆಗಳನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂದು ನಮ್ಮನ್ನೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇಲ್ಲಿ ಮಿತ್ರ, ಅಲ್ಲಿ ಶತ್ರು

ಒಂದೇ ಗುರುತು ಹೊಳೆ ದಾಟಿದರೆ ಬೇರೆ ಕಡೆ ನಿಲ್ಲುತ್ತದೆ. ೨೦೧೪ರಲ್ಲಿ ಕೇರಳದ ಆರ್‌ಎಸ್‌ಪಿ ಎಡರಂಗ ಬಿಟ್ಟು ಕಾಂಗ್ರೆಸ್ಸಿನ ರಂಗ ಸೇರಿತು. ಎನ್.ಕೆ. ಪ್ರೇಮಚಂದ್ರನ್ ೨೦೧೪, ೨೦೧೯, ೨೦೨೪ ಮೂರು ಸಲವೂ ಕೊಲ್ಲಂನಲ್ಲಿ ಸಿಪಿಎಂ ಎದುರು ಗೆದ್ದರು. ಅದೇ ಗುದ್ದಲಿ-ಸಲಿಕೆ ಬಂಗಾಳದಲ್ಲಿ ಅದೇ ಕುಡುಗೋಲು-ಸುತ್ತಿಗೆಯ ಪಕ್ಕದಲ್ಲಿ! ೨೦೧೬ರಲ್ಲಿ ಬಂಗಾಳದಲ್ಲಿ ಎಡರಂಗ ಮತ್ತು ಕಾಂಗ್ರೆಸ್ಸು ಕೂಡಿ ನಿಂತವು, ಅದೇ ವರ್ಷ ಕೇರಳದಲ್ಲಿ ಎದುರುಬದುರು ಹೊಡೆದಾಡಿದವು. ೨೦೨೪ರಲ್ಲಿ 'ಇಂಡಿಯಾ' ಒಕ್ಕೂಟದೊಳಗಿದ್ದೇ ವಯನಾಡಿನಲ್ಲಿ ಸಿಪಿಐಯ ಆನಿ ರಾಜಾ ರಾಹುಲ್ ಗಾಂಧಿಯವರ ಎದುರು ನಿಂತರು.

ನಮ್ಮ ತೆನೆ ಹೊತ್ತ ಮಹಿಳೆಯ ಪಾಡೂ ಕೇಳಿ. ಜೆಡಿಎಸ್‌ನ ಕೇರಳ ಘಟಕ ೨೦೨೧ರಲ್ಲಿ ಎಡರಂಗದೊಳಗೆ ನಿಂತು ಗೆದ್ದು ಮಂತ್ರಿಗಿರಿಯನ್ನೂ ಪಡೆಯಿತು. ೨೦೨೩ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನಾಯಕರು ಬಿಜೆಪಿ ಕೂಟ ಸೇರಿದರು. ಕೇರಳದವರು ನಾವು ಬರುವುದಿಲ್ಲ ಎಂದು ಎಡರಂಗದಲ್ಲೇ ಉಳಿದರು. ಒಬ್ಬಳೇ ಮಹಿಳೆ, ಒಂದೇ ತೆನೆಯ ಹೊರೆ, ಇಲ್ಲಿ ಕೇಸರಿಯ ಪಕ್ಕ, ಅಲ್ಲಿ ಕೆಂಪಿನ ಪಕ್ಕ. ಎನ್‌ಸಿಪಿಯ ಗಡಿಯಾರವೂ ೨೦೨೧ರಲ್ಲಿ ಕೇರಳದ ಎಡರಂಗದಲ್ಲಿತ್ತು. ಪಕ್ಷ ಒಡೆದು, ೨೦೨೪ರ ಫೆಬ್ರವರಿಯಲ್ಲಿ ಆಯೋಗ ಗಡಿಯಾರವನ್ನು ಅಜಿತ್ ಪವಾರ್ ಬಣಕ್ಕೆ ಕೊಟ್ಟಿತು.

ಕುಡುಗೋಲು ಯಾರ ಕೈಯಲ್ಲಿತ್ತು?

ಇಷ್ಟೆಲ್ಲ ಹೇಳಿದ್ದು ತಮಾಷೆಗಲ್ಲ. ಗುರುತಿನ ಬೆಲೆ ಅದರ ಗೆರೆಯಲ್ಲಿಲ್ಲ, ಅದರ ಹಿಂದಿನ ಕೆಲಸದಲ್ಲಿದೆ. ೧೯೭೮ರಲ್ಲಿ ಬಂಗಾಳದ ಎಡರಂಗ ಪಂಚಾಯತಿ ಚುನಾವಣೆಯನ್ನು ಪಕ್ಷದ ಗುರುತಿನ ಮೇಲೆಯೇ ನಡೆಸಿತು. ಹಳ್ಳಿಯ ಗೇಣಿದಾರ ಜಮೀನ್ದಾರನ ಎದುರು ನಿಂತ. ಅದೇ ವರ್ಷ ಆಪರೇಷನ್ ಬರ್ಗಾ ಶುರುವಾಯಿತು. ೧೪ ಲಕ್ಷಕ್ಕೂ ಹೆಚ್ಚು ಗೇಣಿದಾರರ ಹೆಸರು ದಾಖಲೆಗೆ ಬಂತು. ಜಮೀನ್ದಾರ ಎಬ್ಬಿಸಿ ಓಡಿಸುವಂತಿಲ್ಲ ಎಂದಾಯಿತು. ಬಾವುಟದ ಮೇಲಿನ ಕುಡುಗೋಲು ಆಗ ನಿಜವಾದ ಕುಡುಗೋಲು ಹಿಡಿದವನ ಪರ ಇತ್ತು. ೩೪ ವರ್ಷ ಉಳಿದದ್ದು ಅದಕ್ಕೆ.

೨೦೦೬ರಲ್ಲಿ ಸಿಂಗೂರು. ಕಾರಿನ ಕಾರ್ಖಾನೆಗೆ ೯೯೭ ಎಕರೆ ಕೃಷಿ ಭೂಮಿಯನ್ನು ಅದೇ ಸರ್ಕಾರ ತೆಗೆದುಕೊಂಡಿತು. ೨೦೦೭ರ ಮಾರ್ಚ್ ೧೪ರಂದು ನಂದಿಗ್ರಾಮದಲ್ಲಿ ಭೂಮಿ ಬಿಡುವುದಿಲ್ಲ ಎಂದ ರೈತರ ಮೇಲೆ ಪೋಲೀಸರು ಗುಂಡು ಹಾರಿಸಿ ೧೪ ಮಂದಿ ಸತ್ತರು. ಕಾರ್ಖಾನೆ ಬೇಕಿರಲಿಲ್ಲವೆ, ಉದ್ಯೋಗ ಬೇಡವೆ ಎಂದು ವಾದಿಸುವವರಿದ್ದಾರೆ. ವಾದಿಸಲಿ. ಆದರೆ ಕುಡುಗೋಲಿನ ಬಾವುಟದ ಸರ್ಕಾರ ಕುಡುಗೋಲು ಹಿಡಿದವನ ಮೇಲೆ ಗುಂಡು ಹಾರಿಸಿತು ಎಂಬ ಚಿತ್ರವನ್ನು ಯಾವ ಗೋಡೆ ಬರಹವೂ ಅಳಿಸಲಾಗಲಿಲ್ಲ. ೨೦೧೧ರಲ್ಲಿ ಅಧಿಕಾರ ಹೋಯಿತು. ೨೦೧೬ರಲ್ಲಿ ಸಿಂಗೂರಿನ ಭೂಸ್ವಾಧೀನವನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ೨೦೨೧ರ ವಿಧಾನಸಭೆಗೆ ಎಡರಂಗದಿಂದ ಒಬ್ಬರೂ ಗೆದ್ದು ಬರಲಿಲ್ಲ.

೨೦೨೩ರ ಏಪ್ರಿಲಿನಲ್ಲಿ ಸಿಪಿಐ ರಾಷ್ಟ್ರೀಯ ಪಕ್ಷದ ಮಾನ್ಯತೆ ಕಳೆದುಕೊಂಡಿತು. ೨೦೨೪ರ ಲೋಕಸಭೆ ಚುನಾವಣೆಗೆ ಮುನ್ನ ಕೇರಳದ ಸಿಪಿಎಂ ನಾಯಕ ಎ.ಕೆ. ಬಾಲನ್ ಕಾರ್ಯಕರ್ತರಿಗೆ ಎಚ್ಚರಿಕೆ ಕೊಟ್ಟರು: ಮಾನ್ಯತೆ ಹೋದರೆ ನಮ್ಮ ಗುರುತೂ ಹೋಗುತ್ತದೆ, ಚಿಪ್ಪುಹಂದಿಯಂಥ ಗುರುತಿನಲ್ಲಿ ನಿಲ್ಲಬೇಕಾದೀತು ಎಂಬ ಅರ್ಥದಲ್ಲಿ. ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ಗುರುತು ಕಳೆದುಕೊಳ್ಳುವ ಭಯ ಎಂಥದೆಂದು ಅಂಗಡಿಯ ಬೋರ್ಡು ಇಳಿಸಿದವನಿಗೆ ಗೊತ್ತು.

ಗುರುತನ್ನೇ ಬದಲಿಸಿದರೆ ಬದುಕಬಹುದೆ? ಇಟಲಿಯ ಕಮ್ಯುನಿಸ್ಟ್ ಪಕ್ಷ ೧೯೯೧ರಲ್ಲಿ ಹೆಸರು ಬದಲಿಸಿ ಓಕ್ ಮರವನ್ನು ಗುರುತು ಮಾಡಿಕೊಂಡು, ಕುಡುಗೋಲು ಸುತ್ತಿಗೆಯನ್ನು ಮರದ ಬುಡದಲ್ಲಿ ಪುಟ್ಟದಾಗಿ ಇಟ್ಟಿತು. ಮುಂದೆ ಅದೂ ಹೋಯಿತು, ಪಕ್ಷವೂ ಬೇರೆ ಪಕ್ಷಗಳಲ್ಲಿ ಕರಗಿತು. ೧೯೯೧ರ ಡಿಸೆಂಬರ್ ೨೫ರಂದು ಕ್ರೆಮ್ಲಿನ್ ಮೇಲಿನ ಬಾವುಟ ಇಳಿಯಿತು. ಮರುತಿಂಗಳೇ ಮದರಾಸಿನಲ್ಲಿ ಸೇರಿದ ಸಿಪಿಎಂ ಮಹಾಧಿವೇಶನ ಹೆಸರನ್ನೂ ಬಾವುಟವನ್ನೂ ಬಿಡಲಿಲ್ಲ. ಅಲ್ಲಿ ಇಳಿದದ್ದು ಇಲ್ಲಿ ಉಳಿಯಿತು. ಹಟ ಎನ್ನಿ, ನಿಷ್ಠೆ ಎನ್ನಿ, ನಿಮಗೆ ಬಿಟ್ಟದ್ದು. ನನ್ನ ಮಾತಿಷ್ಟೇ: ಹೊಲಕ್ಕೆ ಕೊಯ್ಲಿನ ಯಂತ್ರ ಬಂದಿದೆ, ಕುಡುಗೋಲು ಗೋಡೆಗೆ ನೇತುಬಿದ್ದಿದೆ. ಇವತ್ತಿನ ದುಡಿಯುವವನು ಬೈಕಿನ ಮೇಲೆ ಊಟದ ಚೀಲ ಹೊತ್ತು ಬೆಂಗಳೂರು ಸುತ್ತುತ್ತಾನೆ. ಅವನನ್ನು ಆ ಚಿತ್ರ ಒಳಗೊಳ್ಳುತ್ತದೆಯೇ ಎಂಬುದನ್ನು ಆ ಪಕ್ಷಗಳು ಯೋಚಿಸಲಿ. ಅದೇ ಹುಡುಗನಿಗೆ ನಮ್ಮ ಹಳದಿ ಕೆಂಪು ಶಾಲಿನಲ್ಲಿ ಜಾಗ ಇದೆಯೇ ಎಂದು ನಾವು ಯೋಚಿಸೋಣ.

ಮೂರು ಕೆಲಸ

ಕೊನೆಗೆ ನಿಮಗೆ ಮೂರು ಕೆಲಸ ಹೇಳುತ್ತೇನೆ.

ಒಂದು. ಯಾವ ಪಕ್ಷದ ಕರಪತ್ರ ಕೈಗೆ ಬಂದರೂ ಮೊದಲು ಕೆಳಗಿನ ಸಣ್ಣ ಅಕ್ಷರ ಓದಿ. ಪ್ರಜಾಪ್ರಾತಿನಿಧ್ಯ ಕಾಯ್ದೆಯ ೧೨೭ಎ ಕಲಮಿನ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅಲ್ಲಿ ಇರಲೇಬೇಕು. ಅಚ್ಚು ಹಾಕಿಸುವವನು ಇಬ್ಬರು ಪರಿಚಿತರ ಸಾಕ್ಷಿ ಸಹಿಯೊಂದಿಗೆ ನಮಗೆ ಘೋಷಣೆ ಬರೆದುಕೊಡಬೇಕು, ನಾವು ಅದನ್ನು ಒಂದು ಪ್ರತಿಯೊಂದಿಗೆ ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಗುರುತು ದೊಡ್ಡದಾಗಿದ್ದು ಕೆಳಗೆ ಹೆಸರಿಲ್ಲದಿದ್ದರೆ ಆ ಕಾಗದವನ್ನು ನಂಬಬೇಡಿ.

ಎರಡು. ಗುರುತು ತೋರಿಸಿ ಮತ ಕೇಳಲು ಬಂದವನನ್ನು ಆ ಗುರುತಿನ ವಸ್ತುವಿನ ಬಗ್ಗೆಯೇ ಕೇಳಿ. ತೆನೆ ತೋರಿಸುವವನನ್ನು ರಾಗಿಯ ಬೆಲೆ ಕೇಳಿ. ಸುತ್ತಿಗೆ ತೋರಿಸುವವನನ್ನು ಪೀಣ್ಯದ ಕಾರ್ಖಾನೆಯ ಗುತ್ತಿಗೆ ಕೆಲಸಗಾರನ ಸಂಬಳ ಕೇಳಿ. ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ.

ಮೂರು. ಒಗ್ಗಟ್ಟಿಗೆ ಒಂದೇ ಬ್ಯಾನರು ಬೇಕಿಲ್ಲ. ಸಿಂಹ ಸಿಂಹವಾಗಿಯೇ, ಗುದ್ದಲಿ ಗುದ್ದಲಿಯಾಗಿಯೇ ಇದ್ದು ೩೪ ವರ್ಷ ಒಟ್ಟಿಗೆ ನಡೆದವು, ಏಕೆಂದರೆ ಅವುಗಳ ನಡುವೆ ಬರೆದುಕೊಂಡ ಒಂದು ಜಂಟಿ ಕಾರ್ಯಕ್ರಮ ಇತ್ತು. ನಮ್ಮ ಸಂಘಟನೆಗಳು ಮುಂದಿನ ಸಲ ಸೇರಿದಾಗ ಬ್ಯಾನರಿನಲ್ಲಿ ಯಾರ ಹೆಸರು ಮೇಲೆ ಎಂಬ ಜಗಳ ಬಿಟ್ಟು, ಮೊದಲು ಒಂದು ಹಾಳೆಯಲ್ಲಿ ಐದು ಬೇಡಿಕೆ ಬರೆಯಲಿ. ಎಲ್ಲರೂ ಸಹಿ ಹಾಕಿ ತನ್ನಿ. ಆ ಒಂದು ಹಾಳೆಯನ್ನು ನಾನು ಕಾಗದದ ಖರ್ಚಿಗೇ ಅಚ್ಚು ಹಾಕಿಕೊಡುತ್ತೇನೆ.